ಕೆಳಗೆ ಬರುವ ಸಾಲು

ಮೂರನೆಯ ದಿನದ ಹೊತ್ತಿಗೆ ಅವನಿಗೆ ನೆಲದ ಪರಿಚಯ ಚೆನ್ನಾಗಿಯೇ ಆಗಿತ್ತು. ಊಟದ ಮೇಜಿನ ಅಂಚಿನಲ್ಲಿ ಮಡಚಿದ ದಿಂಬು, ದಿಂಬಿನ ಮೇಲೆ ಹಣೆ, ಮೇಜಿಗೂ ಎದೆಗೂ ನಡುವೆ ಉಸಿರಾಡಲು ಒಂದು ಗೇಣು ಜಾಗ. ಆ ಜಾಗದಲ್ಲಿ ಕಾಣುವುದಿಷ್ಟೆ: ಬೂದು ಬಣ್ಣದ ನಾಲ್ಕು ಟೈಲ್ಸು, ಅದರಲ್ಲೊಂದಕ್ಕೆ ಮೂಲೆಯಲ್ಲಿ ಮುಕ್ಕು, ತನ್ನವೇ ಎರಡು ಪಾದ. ಬಲಗಣ್ಣಿನ ಹಿಂದಿನ ಪದರ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದು ಬಂದಿದೆ ಎಂದು ಡಾಕ್ಟರು ಹೇಳಿ, ಅದನ್ನು ಅಂಟಿಸಿ, ಅಂಟಿಸಿದ್ದು ಕೂತುಕೊಳ್ಳಲಿ ಎಂದು ಕಣ್ಣಿನೊಳಗೆ ಒಂದು ಗಾಳಿಯ ಗುಳ್ಳೆ ಬಿಟ್ಟಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇ ಏಳುವುದು. ಅದು ಕಣ್ಣಿನ ಹಿಂಬದಿಯನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲಕ್ಕಿರಬೇಕು. ಕೂತಾಗ, ಉಣ್ಣುವಾಗ, ಮಲಗುವಾಗ, ಹತ್ತು ದಿನ. ತಲೆ ಎತ್ತಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಆ ಡಾಕ್ಟರು, ಅವನ ಅರ್ಧ ವಯಸ್ಸಿನವರು, ಮಗುವಿಗೆ ಹೇಳುವಂತೆ ಎರಡು ಸಲ ಹೇಳಿದ್ದರು. ಅವನಿಗಲ್ಲ, ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ತಂಗಿಗೆ.

ಎಡಗಣ್ಣು ಮೊದಲಿಂದಲೂ ಮಂದ. ಆದರೂ ಅದರಲ್ಲಿ ಅವಳ ಪಾದಗಳು ಬರುವುದು, ಹೋಗುವುದು ಕಾಣುತ್ತಿತ್ತು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ತಂಗಿಯ ಪಾದಗಳನ್ನು ತಾನು ನೋಡಿಯೇ ಇರಲಿಲ್ಲ ಎನ್ನುವುದು ಅವನಿಗೆ ಈಗ ಹೊಳೆಯಿತು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹಿಮ್ಮಡಿಯಲ್ಲಿ ಸೀಳು. ಆಸ್ಪತ್ರೆಯ ಬಟ್ಟೆಯ ಕೋಣೆಯಲ್ಲಿ ದಿನವಿಡೀ ನಿಂತು ಹಾಸಿಗೆಯ ಚಾದರ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಗೌನುಗಳನ್ನು ಎಣಿಸಿ, ಮಡಚಿ, ವಾರ್ಡುವಾರ್ಡಿಗೆ ಕಳಿಸುವವಳ ಪಾದ. ಅವನಿಗೋಸ್ಕರ ಎರಡು ವಾರ ರಜೆ ಹಾಕಿದ್ದಳು. "ತಲೆ ತಗ್ಗಿಸಿಕೊಂಡು ಕೂರೋದು ನಿನಗೇನು ಹೊಸದಾ ಅಣ್ಣ? ಮೂವತ್ತೈದು ವರ್ಷ ಪ್ರೂಫ್ ನೋಡಿಲ್ವಾ, ಇನ್ನು ಹತ್ತು ದಿನ ಅಂದ್ಕೋ," ಎಂದು ಮೊದಲ ದಿನವೇ ತಮಾಷೆ ಮಾಡಿದ್ದಳು. ಅವನು ನಕ್ಕಿರಲಿಲ್ಲ. ತಲೆ ತಗ್ಗಿಸಿದಾಗ ನಗು ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಮ್ಮಾಗುತ್ತದೆ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅವಳ ಪಾದಗಳು ಮೇಜಿನ ಹತ್ತಿರ ಬಂದು ನಿಂತವು. "ನಮ್ಮ ಕೋಣೇಲಿ ಹೊಸದಾಗಿ ಸೇರಿದೋಳು ಒಂದು ಕೊರಿಯಾ ಧಾರಾವಾಹಿ ನೋಡಿ ಅಂತ ಪ್ರಾಣ ತಿಂತಿದ್ದಾಳೆ. ಟಿವೀಲಿ ಹಾಕ್ಕೊಳ್ಳಲಾ? ನಿನಗೆ ತೊಂದರೆ ಆಗಲ್ಲ ತಾನೆ?"

"ಹಾಕ್ಕೋ ಪುಟ್ಟೀ. ನನಗೇನು, ನಾನು ಟೈಲ್ಸ್ ನೋಡ್ತೀನಿ."

ಐವತ್ತೈದು ತುಂಬಿದವಳನ್ನು ಅವನು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದ. ಬೇರೆ ಹೆಸರು ಹಿಡಿದು ಕರೆಯಲು ಮನೆಯಲ್ಲಿ ಮತ್ಯಾರೂ ಉಳಿದಿರಲಿಲ್ಲ.

ಮೊದಲು ಅವನಿಗೆ ಕೇಳಿಸಿದ್ದು ನೀರು, ಯಾವುದೋ ದೋಣಿಯ ಎಂಜಿನ್ನು, ಆಮೇಲೆ ಒಂದು ಪಿಯಾನೋ. ಮಾತೇ ಇಲ್ಲ. ಇದೇನು ಮೂಕಿಚಿತ್ರವೋ ಎಂದುಕೊಂಡ. ಕೊನೆಗೆ ಯಾರೋ ಹೆಂಗಸು ಮಾತಾಡಿದಳು. ಪದಗಳು ಒಂದಕ್ಕೊಂದು ಕೈಹಿಡಿದುಕೊಂಡು ಇಳಿಜಾರಿನಲ್ಲಿ ಓಡಿ, ಕೊನೆಯಲ್ಲಿ ಮೆತ್ತಗೆ ಕೂತಂತೆ. ಆ ಗೊತ್ತಿಲ್ಲದ ಪ್ರವಾಹದ ನಡುವೆ ಥಟ್ಟನೆ, ಬಿಳಿ ಅಕ್ಕಿಯಲ್ಲಿ ಸಿಕ್ಕಿದ ಕಲ್ಲಿನಂತೆ, "ಅಪ್ಪಾ" ಎಂದು ಕೇಳಿಸಿತು. ಅವನು ತಲೆ ಎತ್ತಲು ಹೋದ. "ಎತ್ತಬೇಡ!" ಎಂದಳು ತಂಗಿ. "ಅಪ್ಪಾ ಅಂದಳಲ್ಲ?" "ಹೌದು, ಅಪ್ಪನ್ನ ಕರೀತಿದ್ದಾಳೆ. ಅವರೂ ಅಪ್ಪ ಅಂತಲೇ ಅಂತಾರಂತೆ. ಅಮ್ಮನ್ನೂ ಹೆಚ್ಚುಕಮ್ಮಿ ಅಮ್ಮ ಅಂತಲೇ." ಎಲ್ಲಿಯ ಬೆಟ್ಟದ ನೆಲ್ಲಿ, ಎಲ್ಲಿಯ ಸಮುದ್ರದ ಉಪ್ಪು ಎಂದುಕೊಂಡು ಅವನು ಮತ್ತೆ ಹಣೆಯನ್ನು ದಿಂಬಿಗಿಟ್ಟ. ಹತ್ತು ನಿಮಿಷ ಟೈಲ್ಸಿನ ಮುಕ್ಕು ನೋಡಿದ. ಆಮೇಲೆ ತಡೆಯಲಾಗದೆ, "ಏನು ನಡೀತಿದೆ ಅಲ್ಲಿ?" ಎಂದ.

"ಏನೂ ಇಲ್ಲ. ಅವನು ನಿಂತಿದ್ದಾನೆ."

"ಎಷ್ಟು ಹೊತ್ತಿಂದ?"

"ಆಗಲಿಂದ." ಅವಳಿಗೇ ನಗು ಬಂತು. "ಬಂದರು ಇರೋ ಒಂದು ಊರು. ಅವಳು ಔಷಧಿ ಅಂಗಡಿ ನಡೆಸೋಕೆ ಹೊಸದಾಗಿ ಬಂದಿದ್ದಾಳೆ. ಅವನು ದೋಣಿ ಎಂಜಿನ್ ರಿಪೇರಿ ಮಾಡೋನು. ಬೆರಳಿಗೆ ಗಾಯ ಮಾಡ್ಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಬಂದ್ರೆ ಗಂಟು ಹೋಗುತ್ತೇನೋ." ಆಮೇಲೆ ತಾನಾಗಿಯೇ, "ಕೆಳಗೆ ಕನ್ನಡದಲ್ಲಿ ಸಾಲು ಬರುತ್ತೆ. ಓದಿ ಹೇಳಲಾ?" ಎಂದಳು.

ಓದತೊಡಗಿದಳು. ಮೊದಲು ಚಾದರ ಎಣಿಸುವ ಧ್ವನಿಯಲ್ಲಿ. "ಪ್ಲಾಸ್ಟರ್ ಇದೆಯಾ. ಇದೆ. ಎಷ್ಟು ಬೇಕು. ಒಂದು. ಒಂದೇ ಕೊಡೋದಕ್ಕಾಗಲ್ಲ, ಡಬ್ಬಿ ತಗೋಬೇಕು. ಸರಿ. ಊಟ ಆಯ್ತಾ." ಅಲ್ಲಿ ನಿಂತು, "ಇದನ್ನ ಯಾಕೆ ಕೇಳಿದ ಇವನು?" ಎಂದಳು ತನಗೇ. ಹೀಗೆ ಓದುವುದನ್ನು ಕೇಳುತ್ತ, ಮುಖ ನೆಲಕ್ಕಿಟ್ಟು ಕೂತಿದ್ದ ಅವನಿಗೆ ಮೇಜಿನ ಅಂಚು ಪ್ರೆಸ್ಸಿನ ಮೇಜಿನ ಅಂಚಾಯಿತು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವುದು ಇಬ್ಬರ ಕೆಲಸ. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣು ಓಡಿಸಿ ತಪ್ಪು ಹಿಡಿಯಬೇಕು. ಅವನಿಗೆ ಓದಿ ಹೇಳುತ್ತಿದ್ದವನಿಗೆ ಪ್ರೆಸ್ಸಿನಲ್ಲೆಲ್ಲ ಅಲ್ಪವಿರಾಮ ಎಂದೇ ಹೆಸರು. ಮಾತಿನ ನಡುವೆ, ಎಲ್ಲಿ ಬೇಕೋ ಅಲ್ಲಿ, ಬೇಡದಲ್ಲಿಯೂ, ಒಂದು ಕ್ಷಣ ನಿಲ್ಲುತ್ತಿದ್ದ. ತೊದಲಲ್ಲ, ಮುಂದಿನ ಪದವನ್ನು ಬಿಸಿಯಿದೆಯೇ ಎಂದು ಮುಟ್ಟಿ ನೋಡುವಂತೆ. "ನಾಳೆ ನಾನು, ಸ್ವಲ್ಪ ತಡವಾಗಿ, ಬರಬಹುದಾ?" ಎಂದು ಕೇಳುತ್ತಿದ್ದ. ಎಂಟು ವರ್ಷ ಆ ಧ್ವನಿ ಅವನ ಎಡಕಿವಿಯಲ್ಲಿ ಓದಿತ್ತು. ಭೂಗೋಳದ ಪಠ್ಯ, ಕೀಟನಾಶಕದ ಕರಪತ್ರ, ಸತ್ತವರ ಸಂಸ್ಮರಣ ಗ್ರಂಥ, ಎಲ್ಲ. ಅವನು ಯಾಕೆ ಈಗ ನೆನಪಾಗಬೇಕು? ಬೆವರಿಗೆ ದಿಂಬು ಹಣೆಗೆ ಅಂಟಿತು.

"ಎರಡನೇ ಕಂತು ಹಾಕಲಾ?" ಎಂದಳು ತಂಗಿ. "ಹದಿನಾರಿದೆಯಂತೆ."

"ಒಂದು ಗಂಟೆಗೆ ಒಂದು ಪ್ಲಾಸ್ಟರ್ ಕೊಂಡಿದ್ದಾನೆ. ಹದಿನಾರು ಗಂಟೆಗೆ ಹೆಸರು ಕೇಳ್ತಾನೇನೋ," ಎಂದ ಅವನು. "ಹಾಕು."

ಎರಡನೆಯ ಕಂತಿನಲ್ಲಿ ಆ ಮನುಷ್ಯ ಮತ್ತೆ ಅಂಗಡಿಗೆ ಬಂದ. "ಇವತ್ತು ಗಾಯ ಇಲ್ಲ," ಎಂದಳು ತಂಗಿ, ಮೆಲ್ಲಗೆ, ಪಕ್ಕದ ಮನೆಯವರ ವಿಷಯ ಹೇಳುವಂತೆ. "ಸುಮ್ಮನೆ ಬಂದಿದ್ದಾನೆ." ಆಗ ಮೇಜಿನ ಕೆಳಗಿನಿಂದ ಅವನಿಗೆ ಕಂಡದ್ದು ಕುರ್ಚಿಯ ಮುಂದೆ ಚಾಚಿದ್ದ ಅವಳ ಪಾದಗಳು. ಬೆರಳುಗಳು ಮೆಲ್ಲಗೆ ಮಡಚಿಕೊಂಡವು, ಏನನ್ನೋ ಹಿಡಿದುಕೊಳ್ಳುವಂತೆ, ಹಾಗೆಯೇ ಇದ್ದವು. ಅವನು ಕಣ್ಣು ಮುಚ್ಚಿಕೊಂಡ. ನೋಡಬಾರದ್ದನ್ನು ನೋಡಿದ ಹಾಗಾಯಿತು.

ನಾಲ್ಕನೆಯ ದಿನ ಅವಳೇ ಬೇಗ ಪಾತ್ರೆ ತೊಳೆದು ಬಂದು ಕೂತಳು. ಅವನೂ, ಕೇಳದೆಯೇ, ಕತ್ತಿನ ನೋವಿಗೆ ಹಚ್ಚುವ ಮುಲಾಮು ಹಚ್ಚಿಸಿಕೊಂಡು ಮೇಜಿಗೆ ಬಂದಿದ್ದ. ಧಾರಾವಾಹಿಯಲ್ಲಿ ಔಷಧಿ ಅಂಗಡಿಯವಳ ಗೆಳತಿಯೊಬ್ಬಳು ಯಾರನ್ನೋ "ಓಪ್ಪಾ, ಓಪ್ಪಾ" ಎಂದು ಕೂಗಿ ಓಡಿದಳು. ಅದೇನೆಂದು ಅವನು ಕೇಳಿದ. "ಹುಡುಗೀರು ಅಣ್ಣನ್ನ ಹಾಗೆ ಕರೀತಾರಂತೆ. ಮನಸ್ಸಿಗೆ ಹಿಡಿದೋನನ್ನೂ ಹಾಗೇ ಕರೀತಾರಂತೆ. ಎರಡಕ್ಕೂ ಒಂದೇ ಮಾತು." "ಥೂ, ಇದೆಂಥ ಕರ್ಮ," ಎಂದ ಅವನು. ತಂಗಿ ಜೋರಾಗಿ ನಕ್ಕಳು. ನಗುತ್ತ, "ಪಾಪ, ಅಣ್ಣ ಇರೋರಿಗೆ ಇನ್ನೊಂದು ಪದ ಯಾಕೆ ಅಂತ ಉಳಿತಾಯ ಮಾಡಿದ್ದಾರೆ," ಎಂದಳು. ಅದರಲ್ಲಿ ಕೊಂಕು ಇತ್ತೇ? ಅವನು ಆ ಮಾತನ್ನು ಅತ್ತಿಂದಿತ್ತ ತಿರುಗಿಸಿ ನೋಡಿದ. ಇರಲಿಲ್ಲ. ಅವಳ ಮಾತಿನಲ್ಲಿ ಎಂದೂ ಕೊಂಕಿರಲಿಲ್ಲ. ಅದೇ ಅವನಿಗೆ ಸಹಿಸಲಾಗದ್ದು. ಅಮ್ಮ ಹಾಸಿಗೆ ಹಿಡಿದ ಹನ್ನೊಂದು ವರ್ಷ, ಎರಡೆರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರು ಹಾಕಿ, ಮತ್ತೆ ಆಸ್ಪತ್ರೆಗೆ ಓಡಿ, ಅಲ್ಲಿಯೂ ಯಾರದೋ ಚಾದರ ಮಡಚುತ್ತಿದ್ದವಳು ಒಂದು ದಿನವಾದರೂ ಪಾತ್ರೆಯನ್ನು ಕುಕ್ಕಿ ಇಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ಕಂತು ಮುಗಿದು ನಾಲ್ಕನೆಯದರ ನಡುವೆ, ಆ ರಿಪೇರಿಯವನು ಬಸ್‌ನಿಲ್ದಾಣದಲ್ಲಿ ಅವಳ ಪಕ್ಕ ಕೂತು, ಎರಡು ಬಸ್ಸು ಹೋಗಲು ಬಿಟ್ಟು, ಹೇಳಬೇಕೆಂದಿದ್ದನ್ನು ಹೇಳದೆ ಎದ್ದು ಹೋದ. ತಂಗಿ ತಾಳ್ಮೆ ಕಳೆದುಕೊಂಡಳು. "ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಇವನ ಗಂಟೇನು ಹೋಗುತ್ತೆ? ಆಗಲ್ಲ ಅಂತಾಳೆ, ಅಥವಾ ಆಗಲಿ ಅಂತಾಳೆ. ಕೇಳದೇ ಹೋದ್ರೆ ಅವಳಿಗಾದ್ರೂ ಗೊತ್ತಾಗೋದು ಹೇಗೆ?" ಅದೇ ಉಸಿರಿನಲ್ಲಿ, ಹಿತ್ತಲಿನ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಕೇಳುವಷ್ಟೇ ಸಹಜವಾಗಿ, "ನನ್ನನ್ನಂತೂ ಯಾರೂ ಕೇಳಲಿಲ್ಲ. ಕೇಳಿಸಿಕೊಂಡ್ರೆ ಹೇಗಿರುತ್ತೆ ಅಂತ ಒಂದು ಕುತೂಹಲ, ಅಷ್ಟೆ," ಎಂದಳು. ಮುಂದಿನ ಸಾಲು ಓದಿದಳು.

ಅವನಿಗೆ ಮುಂದಿನ ಸಾಲು ಕೇಳಿಸಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಲ್ಪವಿರಾಮ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ಇದೇ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ತಂಗಿ ಅಮ್ಮನ ಔಷಧಿ ತರಲು ಹೋಗಿದ್ದಳು. ಅವಳಿಗೆ ಆಗ ಇಪ್ಪತ್ತೊಂಬತ್ತು, ಅವಳ ಅಣ್ಣನಿಗೆ ಮೂವತ್ತೈದು. ಬಂದವನು ಏನೋ ಹೇಳಿದ. ಪೂರ್ತಿ ಹೇಳಲು ಎಷ್ಟೋ ಹೊತ್ತು ಹಿಡಿಯಿತು. ಕೇಳುತ್ತಿದ್ದಂತೆ ಅವನ ಮನಸ್ಸಿನಲ್ಲಿ ಮೊದಲು ಎದ್ದದ್ದು ಇಷ್ಟೇ: ಎರಡು ಗಂಟೆಗೆ ಅಮ್ಮನ ಮಗ್ಗುಲು ಬದಲಿಸುವವರು ಯಾರು? ಎರಡನೆಯದು ಇನ್ನೂ ಸಣ್ಣದು, ಯಾರಿಗೂ ಹೇಳಲಾಗದ್ದು: ನಾಳೆಯಿಂದ ನನಗೆ ಓದಿ ಹೇಳುವವನು ನನ್ನ ತಂಗಿಯ ಗಂಡನಾಗುತ್ತಾನೆ, ನಾನು ಅವನ ಮುಂದೆ ತಪ್ಪು ಹಿಡಿಯುವುದು ಹೇಗೆ? "ಅವಳಿಗೆ ಮದುವೆ ಮನಸ್ಸಿಲ್ಲ. ನಾನು ಕೇಳಿಯಾಗಿದೆ," ಎಂದಿದ್ದ. ಕೇಳಿರಲಿಲ್ಲ. ಕೇಳಲೂ ಇಲ್ಲ. ಆಮೇಲೆ ಒಂದು ವರ್ಷ ಅಲ್ಪವಿರಾಮ ಅದೇ ಮೇಜಿನಲ್ಲಿ ಅವನಿಗೆ ಓದಿ ಹೇಳಿದ. ಒಂದೇ ವ್ಯತ್ಯಾಸ, ಆಮೇಲೆ ಅವನು ಎಲ್ಲೂ ನಿಲ್ಲುತ್ತಿರಲಿಲ್ಲ. ಒಂದೇ ಏಟಿಗೆ, ಬಯಲಲ್ಲಿ ನಡೆದು ಹೋಗುವವನಂತೆ, ಓದಿ ಮುಗಿಸಿ ಎದ್ದು ಹೋಗುತ್ತಿದ್ದ. ಕೆಲಸ ಬೇಗ ಆಗುತ್ತದೆ ಎಂದು ಮ್ಯಾನೇಜರು ಸಂತೋಷಪಟ್ಟಿದ್ದರು. ವರ್ಷ ತುಂಬಿದ ಮೇಲೆ ಬೇರೆ ಪ್ರೆಸ್ಸಿಗೆ ಹೋದ, ಯಾರನ್ನೋ ಮದುವೆಯಾದ, ಇಬ್ಬರು ಹೆಣ್ಣುಮಕ್ಕಳಾದರು ಎಂದು ಸುದ್ದಿ ಬಂತು.

ಆ ದಿನವೆಲ್ಲ, ಮರುದಿನ ಬೆಳಗಿನವರೆಗೂ, ಕವುಚಿ ಮಲಗಿದವನ ತಲೆಯಲ್ಲಿ ಅವಳ ಮಾತು ಸುತ್ತಿತು. ಯಾರೂ ಕೇಳಲಿಲ್ಲ. ಇಷ್ಟು ವರ್ಷ ಅವನು ತನ್ನ ತಪ್ಪನ್ನು ಮದುವೆ ತಪ್ಪಿಸಿದ್ದೆಂದು ಲೆಕ್ಕ ಹಿಡಿದಿದ್ದ. ಅದಕ್ಕೆ ಅಮ್ಮನ ಕಾಯಿಲೆಯ ಸಮಾಧಾನವಿತ್ತು, ಯಾರಿಗೆ ಗೊತ್ತು ಆ ಸಂಸಾರ ಹೇಗಾಗುತ್ತಿತ್ತೋ ಎಂಬ ಸಮಾಧಾನವಿತ್ತು. ತಾನು ಕದ್ದದ್ದು ಅದಲ್ಲ. ಒಬ್ಬ ಮನುಷ್ಯ ಷರ್ಟು ಇಸ್ತ್ರಿ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ, ನಿನಗೋಸ್ಕರ ಬಂದಿದ್ದ ಎನ್ನುವುದನ್ನು. ಯಾರ ಕಣ್ಣಿಗೂ ಬೀಳದವಳು ನಾನು ಎಂದುಕೊಂಡೇ ಅವಳು ಮೂವತ್ತಾದಳು, ನಲವತ್ತಾದಳು, ಕನ್ನಡಿಯ ಮುಂದೆ ನಿಲ್ಲುವುದು ಬಿಟ್ಟಳು. ಹೇಳಿಬಿಡಬೇಕು. ಹೇಳಿದರೆ ಅವಳಿಗೆ ಒಳ್ಳೆಯದೋ, ತನ್ನ ಹೊಟ್ಟೆಯ ಹುಣ್ಣು ಒಡೆದು ಅವಳ ಮಡಿಲಿಗೆ ಹಾಕಿದಂತೋ? ಅವನಿಗೆ ಗೊತ್ತಾಗಲಿಲ್ಲ. ಒಂದು ಗೊತ್ತಿತ್ತು. ಮುಖ ಎತ್ತಿ ಕೂರುವ ದಿನ ಬಂದ ಮೇಲೆ ತಾನು ಹೇಳುವುದಿಲ್ಲ.

ಐದನೆಯ ದಿನ ಒಂದು ಕಂತು ಮುಗಿದು, ಮುಂದಿನದು ಶುರುವಾಗುವ ಮೊದಲು ಅವನು, "ಪುಟ್ಟೀ, ಸ್ವಲ್ಪ ನಿಲ್ಲಿಸು," ಎಂದ.

"ಕತ್ತು ನೋಯ್ತಿದೆಯಾ?"

"ಇಲ್ಲ. ನಿನ್ನನ್ನ ಒಬ್ಬರು ಕೇಳಿದ್ರು."

"ಏನು ಕೇಳಿದ್ರು? ಫೋನ್ ಬಂದಿತ್ತಾ?"

"ನಮ್ಮ ಪ್ರೆಸ್ಸಿನಲ್ಲಿ ನನಗೆ ಕಾಪಿ ಓದ್ತಿದ್ದನಲ್ಲ. ಅಮ್ಮ ಮಲಗಿದ್ದಾಗ. ಒಂದು ಭಾನುವಾರ ಬಂದಿದ್ದ. ನಿನ್ನನ್ನ ಮದುವೆ ಆಗ್ತೀನಿ ಅಂತ ಕೇಳೋಕೆ. ನಾನು, ನಿನಗೆ ಮನಸ್ಸಿಲ್ಲ, ನಾನು ಕೇಳಿಯಾಗಿದೆ ಅಂದೆ."

ಹೇಳಿದ್ದು ಇಷ್ಟು ಚಿಕ್ಕದಾಗಿತ್ತು. ಇಪ್ಪತ್ತಾರು ವರ್ಷ ಹೊತ್ತದ್ದು ಮೂರು ಸಾಲಿಗೆ ಮುಗಿದುಹೋಯಿತು. ಅವಳ ಪಾದಗಳು ಟೈಲ್ಸಿನ ಮೇಲೆ ಪಕ್ಕಪಕ್ಕ ಇದ್ದವು. ಅಲುಗಲಿಲ್ಲ. ಕೆಳಗಡೆ ಟೈರು ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ದಡದಡ ಎಂದು ಹೊಡೆದುಕೊಂಡು ನಿಂತಿತು. ಅವಳು ಅಳುತ್ತಾಳೆ, ಅಥವಾ ಬೈಯುತ್ತಾಳೆ ಎಂದು ಅವನು ಕಾದ. ಎರಡಕ್ಕೂ ತಯಾರಾಗಿದ್ದ. ಅವಳು ಕೇಳಿದ್ದೇ ಬೇರೆ.

"ಏನಂತ ಕೇಳಿದ್ರು?"

"ಅದೇ, ಮದುವೆ..."

"ಅದಲ್ಲ ಅಣ್ಣ. ಅವರು ಏನಂದ್ರು? ಅವರ ಮಾತಲ್ಲೇ ಹೇಳು."

ಅವನು ಹುಡುಕಿದ. ಮೂವತ್ತೈದು ವರ್ಷದಲ್ಲಿ ಕೈತಪ್ಪಿ ಹೋದ ಒಂದೊಂದು ಅಚ್ಚಿನ ತಪ್ಪೂ ಅವನಿಗೆ ಪುಟದ ಸಮೇತ ನೆನಪಿತ್ತು. ಪಠ್ಯಪುಸ್ತಕದಲ್ಲಿ ನದಿ 'ಹರಿಯುತ್ತದೆ' ಎನ್ನುವುದು 'ಹರೆಯುತ್ತದೆ' ಆಗಿದ್ದು, ಎಡಪುಟ, ಕೆಳಗಿನಿಂದ ನಾಲ್ಕನೇ ಸಾಲು. ಆ ಭಾನುವಾರದ್ದು? ಷರ್ಟಿನ ಮಡಿಕೆ ನೆನಪಿತ್ತು, ಕುರ್ಚಿಯ ತುದಿ ನೆನಪಿತ್ತು, ಕೈಗಳನ್ನು ಮಂಡಿಯ ಮೇಲೆ ಇಟ್ಟಿದ್ದು ನೆನಪಿತ್ತು. ತಾನು ಹೇಳಿದ ಎರಡು ವಾಕ್ಯಗಳು ಅಕ್ಷರ ಬಿಡದೆ ನೆನಪಿದ್ದವು. ಅಲ್ಪವಿರಾಮ ಹೇಳಿದ್ದು ಮಾತ್ರ ಇಲ್ಲ. ತಾನು ಕೇಳಿಸಿಕೊಂಡಿರಲೇ ಇಲ್ಲ. ಅವನು ಮಾತಾಡುತ್ತಿರುವಾಗಲೇ ತಾನು ಉತ್ತರ ಜೋಡಿಸುತ್ತಿದ್ದ. ಏನಾದರೂ ಹೇಳಲೇಬೇಕಾಗಿತ್ತು. "ನಿಮ್ಮ ತಂಗಿಯವರನ್ನು ನಾನು ಬಹಳ ದಿನಗಳಿಂದ ನೋಡುತ್ತಿದ್ದೇನೆ, ನಿಮ್ಮ ಒಪ್ಪಿಗೆ ಇದ್ದರೆ ಅಂತ..."

"ಸುಳ್ಳು," ಎಂದಳು ಅವಳು. ಧ್ವನಿ ಎತ್ತದೆ. "ಅದು ನಿನ್ನ ಮಾತು. ಅವರು ಹಾಗೆ ಮಾತಾಡ್ತಿರಲಿಲ್ಲ. ನಡುವೆ ನಿಲ್ಲಿಸ್ತಿದ್ರು."

ಪ್ರೂಫಿನ ಕಂತೆ ತಲುಪಿಸಲು ಅಲ್ಪವಿರಾಮ ತಿಂಗಳಿಗೊಮ್ಮೆಯೋ ಎರಡು ಸಲವೋ ಮನೆಗೆ ಬರುತ್ತಿದ್ದದ್ದು ಹೌದು. ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋಗುತ್ತಿದ್ದ. ಬಾಗಿಲು ತೆಗೆಯುತ್ತಿದ್ದವಳು ಇವಳು.

"ಅವತ್ತು ಮೆಟ್ಟಿಲ ಮೇಲೆ ಸಿಕ್ಕಿದ್ರು," ಎಂದಳು. "ನಾನು ಔಷಧಿ ತಗೊಂಡು ಹತ್ತಿ ಬರ್ತಿದ್ದೆ, ಅವರು ಇಳೀತಿದ್ರು. ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ್ರು. ಯಾಕೆ ಇಷ್ಟು ಬೇಗ ಹೊರಟ್ರಿ, ಕಾಫಿ ಕುಡಿದು ಹೋಗಿ ಅಂದೆ. ಏನೋ ಹೇಳೋಕೆ ಹೋದ್ರು. ನಿಲ್ಲಿಸಿದ್ರು. ನೀವು, ಚೆನ್ನಾಗಿರಿ, ಅಂದ್ರು." ಆ ಎರಡು ಪದಗಳ ನಡುವೆ ಅವಳೂ ನಿಂತಳು, ಸರಿಯಾಗಿ ಅಷ್ಟೇ ಹೊತ್ತು, ಅವನಿಗೆ ಆ ಧ್ವನಿಯೇ ಕೇಳಿದಂತಾಯಿತು. "ನಮ್ಮ ಮನೆಗೆ ಬಂದು ಹೋಗೋರು ಯಾರೂ ಹಾಗನ್ನಲ್ಲ. ಚೆನ್ನಾಗಿರಿ ಅಂತ ಯಾಕಂದ್ರು ಅಂತ ಎಷ್ಟೋ ದಿನ ಯೋಚನೆ ಮಾಡಿದೆ. ಆಮೇಲೆ, ಅಮ್ಮನಿಗೆ ಹುಷಾರಿಲ್ವಲ್ಲ, ಅದಕ್ಕೇ ಅಂದಿರಬೇಕು ಅಂದ್ಕೊಂಡೆ." ಕೊನೆಗೆ ಕೇಳಿದಳು, "ಈಗ ಎಲ್ಲಿದ್ದಾರೆ?"

ಹೇಳದೆ ವಿಧಿಯಿರಲಿಲ್ಲ. "ಇಲ್ಲ. ತೀರಿಕೊಂಡ. ನಾಲ್ಕು ವರ್ಷ ಆಯ್ತು."

ಅವಳು ಲೆಕ್ಕ ಹಾಕುತ್ತಿದ್ದಳು. "ಬೂದು ಷರ್ಟು ಹಾಕ್ಕೊಂಡು ಒಂದು ಸಾವಿಗೆ ಹೋಗಿ ಬಂದ್ಯಲ್ಲ, ಅವತ್ತು. ಯಾರು ಅಂತ ಕೇಳಿದೆ. ನೀನು, ಪ್ರೆಸ್ಸಿನವರೊಬ್ಬರು ಅಂದೆ."

"ಹೂಂ."

"ನಿನಗೆ ತಲೆನೋವು ಅಂತ ನಾನು ಹಣೆಗೆ ಅಮೃತಾಂಜನ ತಿಕ್ಕಿದೆ."

ಪಾದಗಳು ಎದ್ದವು, ತಿರುಗಿದವು, ಅಡಿಗೆಮನೆಯ ಕಡೆಗೆ ಹೋದವು. ನಲ್ಲಿಯ ಸದ್ದು ಕೇಳಿಸಿತು, ಬಹಳ ಹೊತ್ತು, ತೊಳೆಯಲು ಏನೂ ಇಲ್ಲದಿದ್ದರೂ. ನಾಲ್ಕು ಗಂಟೆಗೆ ಸರಿಯಾಗಿ ಬಂದು ಅವನ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ, ಔಷಧಿ ಹಾಕಿದಳು. ಬೆರಳು ಒರಟಾಗಲಿಲ್ಲ. ಎಂದಿನ ಬೆರಳೇ. ಕ್ಷಮಿಸು ಎನ್ನಲು ಅವನು ಬಾಯಿ ತೆರೆದ. ನೆಲಕ್ಕೆ ಮುಖ ಮಾಡಿಕೊಂಡವನ ಕ್ಷಮೆ ಎಷ್ಟು ಸುಲಭದ್ದು ಎನ್ನಿಸಿ, ಬಾಯಿ ಮುಚ್ಚಿಕೊಂಡ.

ಆರನೆಯ ದಿನ ಟಿವಿ ಹಾಕಲಿಲ್ಲ. ಏಳನೆಯ ದಿನ ಹಾಕಿದಳು. ಪಿಯಾನೋ ಕೇಳಿಸಿತು, ಸಮುದ್ರ ಕೇಳಿಸಿತು, ರಿಪೇರಿಯವನ ಆ ತಗ್ಗಿದ ಧ್ವನಿ ಕೇಳಿಸಿತು. ಅವನು ಕಿವಿ ನಿಮಿರಿಸಿ ಕಾದ. ಅವಳು ಓದಲಿಲ್ಲ. ಮೊದಲು, ಮರೆತಿರಬೇಕು ಎಂದುಕೊಂಡ. ಆಮೇಲೆ, ಗಂಟಲು ಕಟ್ಟಿರಬೇಕು. ಅರ್ಧ ಗಂಟೆಯಾದ ಮೇಲೆ ಅವನಿಗೆ ಅರ್ಥವಾಯಿತು. ಅವಳು ಅವನ ಬಳಿಯಿಂದ ಎದ್ದು ಹೋಗಿರಲಿಲ್ಲ, ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ, ಮೂರು ಮಾರು ದೂರದಲ್ಲಿ ಕೂತು ತಾನೊಬ್ಬಳೇ ನೋಡುತ್ತಿದ್ದಳು. ಗೊತ್ತಿಲ್ಲದ ಆ ಭಾಷೆ ಅವನ ತಲೆಯ ಮೇಲಿಂದ ಹರಿದುಹೋಯಿತು. ಎಲ್ಲೋ ಒಮ್ಮೆ ಅಪ್ಪ, ಎಲ್ಲೋ ಒಮ್ಮೆ ಅಮ್ಮ. ಉಳಿದದ್ದೆಲ್ಲ ಬಾಗಿಲು ಹಾಕಿದ ಮನೆಯೊಳಗಿನ ಮಾತು. ಅವರಿಬ್ಬರೂ ಜಗಳವಾಡಿದರೋ, ಒಂದಾದರೋ? ಅವನು ಊರು ಬಿಟ್ಟು ಹೋದನೋ? ಒಂದು ಕಡೆ ಬಹಳ ಹೊತ್ತು ಮೌನ ಬಂತು, ಗಾಳಿಯ ಸದ್ದು ಮಾತ್ರ, ಆಗ ತಂಗಿ ಮೂಗು ಸೇದುವುದು ಕೇಳಿಸಿತು. "ಏನಾಯ್ತು?" ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವಳು ಯಾರಿಗೋಸ್ಕರ ಅಳುತ್ತಿದ್ದಾಳೆಂದು ಕೇಳಿದಂತಾಗುತ್ತಿತ್ತು. ಊಟಕ್ಕೆ ಕರೆದಳು, ಮಾತ್ರೆ ಕೊಟ್ಟಳು, ಕತ್ತಿಗೆ ಬಿಸಿ ಶಾಖ ಕೊಟ್ಟಳು. "ನೀರು ಬೇಕಾ?" "ಎಡಕ್ಕೆ ತಿರುಗು." ಅಷ್ಟೇ ಮಾತು. ಹೀಗೆ ಎಂಟು, ಒಂಬತ್ತು, ಹತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಡಾಕ್ಟರು ದೀಪ ಬಿಟ್ಟು ನೋಡಿ, "ಚೆನ್ನಾಗಿ ಅಂಟಿದೆ. ಇನ್ನು ತಲೆ ಎತ್ತಬಹುದು," ಎಂದರು. ಅವನು ಎತ್ತಿದ. ಕೋಣೆ ಓಲಾಡಿತು. ಬಲಗಣ್ಣಿನಲ್ಲಿ ಗುಳ್ಳೆಯ ಅಂಚು ನೀರಿನ ಮಟ್ಟದಂತೆ ಅಲುಗುತ್ತಿತ್ತು, ಅದರ ಆಚೆ ಎಲ್ಲವೂ ಮಸುಕು. ಎಡಗಣ್ಣಿನಲ್ಲಿ ತಂಗಿಯ ಮುಖ ಕಂಡಿತು. ಏನೋ ಬದಲಾಗಿರುತ್ತದೆ ಎಂದುಕೊಂಡಿದ್ದ. ಹಣೆಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಅದು ಮೊದಲೇ ಆಗಿದ್ದಿರಬೇಕು. ಅವಳು ಡಾಕ್ಟರು ಹೇಳುವುದನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು. ಅವನ ಕಡೆ ನೋಡಲಿಲ್ಲ.

ಅವತ್ತು ಮಧ್ಯಾಹ್ನ ಕೊನೆಯ ಕಂತು. ಅವನು ಮೇಜು ಬಿಟ್ಟು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಬೇಡವೆನ್ನಲಿಲ್ಲ. ಪರದೆಯ ಮೇಲೆ ನೀಲಿ ಇತ್ತು, ಅದು ಸಮುದ್ರವಿರಬೇಕು. ಎರಡು ಆಕಾರಗಳಿದ್ದವು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಕೆಳಗೆ ಬಿಳಿಯ ಗೀಟಿನಂತೆ ಸಾಲು ಬಂದು ಬಂದು ಹೋಗುತ್ತಿತ್ತು. ಎಷ್ಟು ಕಣ್ಣು ಕಿರಿದು ಮಾಡಿದರೂ ಒಂದು ಅಕ್ಷರವೂ ಬಿಡಿಸಿಕೊಳ್ಳಲಿಲ್ಲ. ಜೀವಮಾನವೆಲ್ಲ ಅಕ್ಷರ ಓದಿ ಉಂಡವನು ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದ. ಆ ತಗ್ಗಿದ ಧ್ವನಿ ಏನೋ ಹೇಳಿತು. ಚಿಕ್ಕ ಮಾತು. ನಡುವೆ ಒಂದು ಕಡೆ ನಿಂತಿತು, ಮತ್ತೆ ಹೇಳಿತು. ತಂಗಿ ಉಸಿರು ಒಳಗೆಳೆದುಕೊಂಡದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಕೇಳಿದನಾ?" ಎಂದ ಅವನು, ತನಗರಿವಿಲ್ಲದೆ.

"ಕೇಳಿದ."

"ಏನಂತ ಕೇಳಿದ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಮುಖದ ಮೇಲೆ ಆ ನೀಲಿ ಬೆಳಕು ಬಿದ್ದಿತ್ತು. "ಅದು ನನಗಿರಲಿ ಅಣ್ಣ," ಎಂದಳು.

ಧಾರಾವಾಹಿ ಮುಗಿಯಿತು, ಹೆಸರುಗಳು ಒಂದರ ಮೇಲೊಂದು ಏರಿ ಹೋದವು, ಅವಳು ಅವನ್ನೂ ಕೊನೆಯವರೆಗೆ ನೋಡಿದಳು. ಆಮೇಲೆ, ಅವನ ಕಡೆ ತಿರುಗದೆ, ಸೀರೆಯ ಅಂಚನ್ನು ಮಂಡಿಯ ಮೇಲೆ ಎಳೆದು ಚಾದರ ಮಡಚುವಂತೆ ಮಡಚುತ್ತ ಹೇಳಿದಳು. ಆಸ್ಪತ್ರೆಯವರು ಊರಾಚೆ ಹೊಸ ಕಟ್ಟಡ ಕಟ್ಟಿದ್ದರು. ಅಲ್ಲಿಯ ಬಟ್ಟೆ ವಿಭಾಗವನ್ನು ನೋಡಿಕೊಳ್ಳಲು ಅವಳನ್ನೇ ಕರೆಯುತ್ತಿದ್ದರು. ಅಲ್ಲೇ ಇರಲು ಒಂದು ಕೋಣೆ, ಸಣ್ಣ ಅಡಿಗೆಮನೆ. "ಎರಡು ವರ್ಷದಿಂದ ಕೇಳ್ತಿದ್ದಾರೆ. ಅಣ್ಣ ಒಬ್ಬನೇ ಆಗ್ತಾನೆ ಅಂತ ನಾನೇ ಬೇಡ ಅಂತಿದ್ದೆ. ನಿನಗೆ ಹೇಳಿರಲಿಲ್ಲ."

ಹಾಗಾದರೆ ನನ್ನ ಕಣ್ಣು? ಅಡಿಗೆ? ಎಂಬ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಇಪ್ಪತ್ತಾರು ವರ್ಷದ ಹಿಂದೆ ಬಂದಿದ್ದ ಮಾತೇ ಅದು, ಅಮ್ಮನ ಜಾಗದಲ್ಲಿ ಈಗ ಅವನು. ಅದು ತನ್ನಷ್ಟಕ್ಕೆ ಬಂದ ವೇಗಕ್ಕೆ ಅವನಿಗೇ ಅಸಹ್ಯವಾಯಿತು. ನುಂಗಿಕೊಂಡ.

"ನಿನಗೆ ಹೋಗೋಕೆ ಮನಸ್ಸಿದೆಯಾ?" ಎಂದು ಕೇಳಿದ.

ಅವಳು ಮೊದಲ ಸಲ ಅವನ ಮುಖ ನೋಡಿದಳು. ಕೆಳಗೆ ಟೈರು ಅಂಗಡಿಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು, ಆ ಕೂಗು ಮುಗಿಯಿತು, ಒಂದು ಲಾರಿ ಹೊರಟು ಹೋಯಿತು. ಅವನು ಕಾದ.

"ಇದೆ," ಎಂದಳು.

ಸೋಮವಾರ ಹೊರಟಳು. ಎರಡು ಚೀಲ, ಒಂದು ಹಾಸಿಗೆ ಸುರುಳಿ. ಅಷ್ಟು ವರ್ಷಕ್ಕೆ ಅಷ್ಟೇ. ಹೋಗುವ ಮೊದಲು ಔಷಧಿಯ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಪಕ್ಕದ ಮನೆಯವರಿಗೆ ಊಟದ ಏರ್ಪಾಟು ಹೇಳಿದ್ದಳು. ಅವನು ಬಾಗಿಲಿಗೆ ಬಂದು ಕೊನೆಗುಳಿದ ದೊಡ್ಡ ಚೀಲದ ಹಿಡಿಗೆ ಕೈ ಹಾಕಿದ.

"ಬಿಡು," ಎಂದಳು. "ಒಂದು ತಿಂಗಳು ಭಾರ ಎತ್ತಬಾರದು ಅಂದಿದ್ದಾರೆ."

ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸಿ, ಚೀಲವನ್ನು ತಾನೇ ಎತ್ತಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಇಳಿಯತೊಡಗಿದಳು.